ಕನ್ನಡದ ಬಾಯಿಗೆ ಇಂಗ್ಲಿಷ್ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಹನ್ನೆರಡು ಟೆನ್ಸ್‌ಗಳ ಚಾರ್ಟು. ಮೂರು ಕಾಲ, ಒಂದೊಂದಕ್ಕೂ ನಾಲ್ಕು ರೂಪ. ಚಾರ್ಟಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿ, ಬಿಟ್ಟ ಸ್ಥಳ ತುಂಬಿ ಪೂರ್ತಿ ಅಂಕ ತೆಗೆದವರೇ ಮಾತಿಗೆ ನಿಂತಾಗ “ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್” ಅನ್ನುತ್ತಾರೆ. ‘ವಿಲ್ ಹ್ಯಾವ್ ಬೀನ್ ಈಟಿಂಗ್’ ಎಂಬ ರೂಪವನ್ನು ಕಷ್ಟಪಟ್ಟು ಕಲಿತಿರುತ್ತಾರೆ, ದಿನದ ಮಾತಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ನಾವು ಇಂಗ್ಲಿಷ್‌ನಲ್ಲಿ ಮಾಡುವ ತಪ್ಪುಗಳು ಮನಸ್ಸಿಗೆ ಬಂದ ಹಾಗೆ ಆಗುವಂಥವಲ್ಲ. ಹೆಚ್ಚಿನವು ಕನ್ನಡದ ವ್ಯಾಕರಣವೇ ಇಂಗ್ಲಿಷ್ ಪದಗಳನ್ನು ಹೊದ್ದು ಬರುವುದರಿಂದ ಆಗುವಂಥವು. ಎರಡು ಭಾಷೆ ಎರಡು ಕಡೆ ಎಳೆಯುವ ಜಾಗಗಳು ಬೆರಳೆಣಿಕೆಯಷ್ಟೇ ಇವೆ. ಪೂರ್ತಿ ವ್ಯಾಕರಣ ಪುಸ್ತಕಕ್ಕಿಂತ ಮೊದಲು ಇವನ್ನು ಹಿಡಿದುಕೊಂಡರೆ ಮಾತು ಬೇಗ ಹತ್ತುತ್ತದೆ.

ಎಲ್ಲಕ್ಕಿಂತ ದೊಡ್ಡದು ಕ್ರಿಯಾಪದ ಎಲ್ಲಿ ಬರಬೇಕು ಅನ್ನುವುದು. “ನಿನ್ನೆ ಮಾರ್ಕೆಟ್ಟಿನಲ್ಲಿ ಹಳೇ ಮನೆ ಓನರ್ ಹತ್ರ ಅಡ್ವಾನ್ಸ್ ವಿಷಯ ಮಾತಾಡಿದೆ.” ಕನ್ನಡದಲ್ಲಿ ಯಾವಾಗ, ಎಲ್ಲಿ, ಯಾರ ಹತ್ತಿರ, ಯಾವ ವಿಷಯ ಎಲ್ಲ ಬಂದಮೇಲೆ ಕೊನೆಗೆ ‘ಮಾತಾಡಿದೆ’. ‘ನಾನು’ ಎಂದು ಹೇಳುವ ಅಗತ್ಯವೂ ಇಲ್ಲ, ‘ಎ’ಕಾರದಲ್ಲೇ ಅದು ಬಂತು. ಇದೇ ಕ್ರಮದಲ್ಲಿ “ಯೆಸ್ಟರ್ಡೇ ಮಾರ್ಕೆಟ್…” ಎಂದು ಶುರು ಮಾಡಿದವರು ಮುಂದಿನ ಪದಕ್ಕೆ ತಡಕಾಡುತ್ತಾರೆ. ಇಂಗ್ಲಿಷ್‌ಗೆ ಮೊದಲ ಎರಡು ಮೂರು ಪದದೊಳಗೆ ಯಾರು, ಏನು ಮಾಡಿದರು ಎರಡೂ ಬೇಕು: “ಐ ಸ್ಪೋಕ್ ಟು ಅವರ್ ಓಲ್ಡ್ ಲ್ಯಾಂಡ್‌ಲಾರ್ಡ್ ಅಬೌಟ್ ದಿ ಡೆಪಾಸಿಟ್ ಯೆಸ್ಟರ್ಡೇ.” ಎಲ್ಲಿ, ಯಾವಾಗ ಎಂಬುದು ಕೊನೆಗೆ ಬಂದರೆ ಸಾಕು, ಮರೆತರೂ ವಾಕ್ಯ ಕೆಡುವುದಿಲ್ಲ. (ಓನರ್, ಅಡ್ವಾನ್ಸ್ ಎರಡೂ ಇಂಗ್ಲಿಷ್ ಪದಗಳೇ. ಆದರೂ ಬಾಡಿಗೆ ವ್ಯವಹಾರದಲ್ಲಿ ಹೊರದೇಶದವರಿಗೆ ಅರ್ಥವಾಗುವುದು ಲ್ಯಾಂಡ್‌ಲಾರ್ಡ್, ಡೆಪಾಸಿಟ್.)

ಇದರ ಬೆನ್ನಿಗೇ ‘ಇಲ್ಲ’ದ ತೊಂದರೆ. ಕನ್ನಡದಲ್ಲಿ ವಾಕ್ಯ ಪೂರ್ತಿ ಹೇಳಿ ಕಟ್ಟಕಡೆಗೆ ‘ಕೇಳಿದೆ’ಯನ್ನು ‘ಕೇಳಲಿಲ್ಲ’ ಮಾಡಬಹುದು, ತುದಿಯವರೆಗೂ ಯೋಚಿಸಲು ಸಮಯವಿದೆ. ಇಂಗ್ಲಿಷ್‌ನಲ್ಲಿ ಆಗಿದೆಯೋ ಇಲ್ಲವೋ ಎಂಬುದು ಎರಡನೇ ಪದಕ್ಕೇ ತೀರ್ಮಾನವಾಗಬೇಕು: “ಐ ಡಿಡ್ಂಟ್…”. ಈ ಅಭ್ಯಾಸ ಇಲ್ಲದವರು “ಐ ಆಸ್ಕ್ಡ್ ಹಿಮ್ ಮನಿ… ನೋ ನೋ, ನಾಟ್ ಆಸ್ಕ್ಡ್” ಎಂದು ಹಿಂದಕ್ಕೆ ಬರುತ್ತಾರೆ. ಮದ್ದು ಸರಳ. ‘ಐ ಡೋಂಟ್’, ‘ಐ ಡಿಡ್ಂಟ್’, ‘ಐ ಹ್ಯಾವ್ಂಟ್’, ‘ಐ ಕಾಂಟ್’, ‘ಐ ವೋಂಟ್’ ಈ ಐದನ್ನು ಒಂದೊಂದೇ ಪದವೆಂಬಂತೆ ಬಾಯಿಗೆ ರೂಢಿ ಮಾಡಿಕೊಳ್ಳಬೇಕು. ಬೆಳಿಗ್ಗೆಯಿಂದ ಮಾಡದೇ ಬಿಟ್ಟ ಕೆಲಸಗಳನ್ನು ‘ಐ ಹ್ಯಾವ್ಂಟ್’ ಇಟ್ಟು ಗಟ್ಟಿಯಾಗಿ ಹೇಳಿ: “ಐ ಹ್ಯಾವ್ಂಟ್ ಹ್ಯಾಡ್ ಕಾಫಿ. ಐ ಹ್ಯಾವ್ಂಟ್ ಪೇಡ್ ದಿ ಬಿಲ್.” ಮಾಡದ ಕೆಲಸಕ್ಕೆ ಯಾರ ಮನೆಯಲ್ಲೂ ಕೊರತೆ ಇರುವುದಿಲ್ಲ.

ಇನ್ನು ಆಗಲೇ ಹೇಳಿದ ‘ಸಿನ್ಸ್ ಫೈವ್ ಇಯರ್ಸ್’. ತಪ್ಪಿನ ಬೇರು ನಮ್ಮ ‘ಇಂದ’ದಲ್ಲಿದೆ. “ಐದು ವರ್ಷದಿಂದ ಇಲ್ಲಿದೀನಿ”, “2019ರಿಂದ ಇಲ್ಲಿದೀನಿ”, ಎರಡಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಎಷ್ಟು ಕಾಲ ಎಂದು ಎಣಿಸುವಂಥದ್ದಾದರೆ ‘ಫಾರ್’: ಫಾರ್ ಫೈವ್ ಇಯರ್ಸ್, ಫಾರ್ ಟು ಅವರ್ಸ್. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸುವಂಥದ್ದಾದರೆ ‘ಸಿನ್ಸ್’: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ದಿಸ್ ಮಾರ್ನಿಂಗ್. ಕ್ರಿಯಾಪದದಲ್ಲೂ ಇಂಥದ್ದೇ ಒಂದು ಗಂಟು ಇದೆ. ‘ಮಾಡ್ತಿದೀನಿ’ ಎಂದರೆ ನಮಗೆ ಈಗ ಮಾಡುತ್ತಿರುವುದೂ ಹೌದು, ಅಂದಿನಿಂದ ಇಂದಿನವರೆಗೆ ಮಾಡಿಕೊಂಡು ಬಂದಿರುವುದೂ ಹೌದು. ಇಂಗ್ಲಿಷ್‌ನಲ್ಲಿ ಮೊದಲನೆಯದು “ಐ ಆಮ್ ವರ್ಕಿಂಗ್”, ಎರಡನೆಯದು “ಐ ಹ್ಯಾವ್ ಬೀನ್ ವರ್ಕಿಂಗ್”. ಡಾಕ್ಟರ ಮುಂದೆ ಈ ವ್ಯತ್ಯಾಸಕ್ಕೆ ಬೆಲೆ ಇದೆ. “ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಎಂದರೆ ಮೂರು ದಿನದಿಂದ ಜ್ವರ, ಇನ್ನೂ ಇದೆ. “ಐ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಎಂದರೆ ಮೂರು ದಿನ ಇತ್ತು, ಬಿಟ್ಟಿದೆ.

‘ನೋಡಿದೀನಿ’ಗೂ ಒಂದು ಎಚ್ಚರಿಕೆ. ‘ಯೆಸ್ಟರ್ಡೇ’, ‘ಲಾಸ್ಟ್ ವೀಕ್’, ‘ಅಟ್ ಟೆನ್ ಓ ಕ್ಲಾಕ್’ ಎಂದು ಮುಗಿದ ಹೊತ್ತನ್ನು ಹೆಸರಿಸಿದರೆ ‘ಹ್ಯಾವ್’ ಬರಬಾರದು. “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ಅಲ್ಲ, “ಐ ಸಾ ಹಿಮ್ ಯೆಸ್ಟರ್ಡೇ”.

‘ನನಗೆ’ಯಿಂದ ಶುರುವಾಗುವ ನಮ್ಮ ವಾಕ್ಯಗಳದ್ದು ಬೇರೆಯೇ ಕತೆ. ನನಗೆ ಗೊತ್ತು, ನನಗೆ ಹಸಿವು, ನನಗೆ ನೆಗಡಿ, ನನಗೆ ಇಬ್ಬರು ಮಕ್ಕಳು, ನನಗೆ ಇಷ್ಟ. ಇಂಗ್ಲಿಷ್‌ನಲ್ಲಿ ಇವೆಲ್ಲಕ್ಕೂ ‘ಐ’ ಮುಂದೆ ಬರುತ್ತದೆ, ಜೊತೆಗೆ ಬರುವ ಕ್ರಿಯಾಪದ ಮಾತ್ರ ಬೇರೆ ಬೇರೆ: ಐ ನೋ, ಐ ಆಮ್ ಹಂಗ್ರಿ, ಐ ಹ್ಯಾವ್ ಎ ಕೋಲ್ಡ್, ಐ ಹ್ಯಾವ್ ಟು ಚಿಲ್ಡ್ರನ್, ಐ ಲೈಕ್ ಇಟ್. ‘ಗೊತ್ತಿದೆ’, ‘ಮಕ್ಕಳಿದ್ದಾರೆ’ಗಳಲ್ಲಿ ಇರುವ ‘ಇದೆ’ ಮನಸ್ಸಿನಲ್ಲಿ ಕೂತಿರುವುದರಿಂದ “ಐ ಆಮ್ ನೋಯಿಂಗ್”, “ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್” ಬರುತ್ತದೆ. ತಿಳಿವು, ಇಷ್ಟ, ಒಡೆತನ, ನಂಬಿಕೆ ಇವು ‘ನಡೆಯುತ್ತಿರುವ’ ಕೆಲಸಗಳಲ್ಲ, ಇವಕ್ಕೆ ‘ಇಂಗ್’ ಹಚ್ಚಬಾರದು. ಇನ್ನೊಂದು ಕಡೆ, “ಅವರು ನಮ್ಮ ಮೇಷ್ಟ್ರು” ಎನ್ನುವಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ, ಇಂಗ್ಲಿಷ್‌ಗೆ ‘ಈಸ್’ ಬೇಕೇ ಬೇಕು. ಇದನ್ನು ಕಲಿತವರು ಎಲ್ಲ ಕಡೆಯೂ ‘ಆಮ್’ ಸೇರಿಸಲು ಶುರು ಮಾಡುತ್ತಾರೆ: “ಐ ಆಮ್ ಅಗ್ರೀ”, “ಐ ಆಮ್ ಗೋ”. ಅಗ್ರೀ, ಗೋ ತಾವೇ ಕ್ರಿಯಾಪದ, ‘ಆಮ್’ ಬೇಕಿಲ್ಲ. ಬೇಕಾದರೆ ‘ಗೋಯಿಂಗ್’ ಆಗಬೇಕು.

ಪ್ರಶ್ನೆ ಕೇಳುವುದು ಕನ್ನಡದಲ್ಲಿ ಎಷ್ಟು ಹಗುರ! ಬಾಲಕ್ಕೆ ಒಂದು ‘ಆ’ ಸೇರಿಸಿದರೆ ‘ಬಂದರು’ ‘ಬಂದರಾ?’ ಆಯಿತು. ಇಂಗ್ಲಿಷ್‌ನಲ್ಲಿ ಪದಗಳನ್ನು ಅದಲುಬದಲು ಮಾಡಬೇಕು, ಅದನ್ನು ಬಿಟ್ಟರೆ “ವೇರ್ ಯು ಆರ್ ಗೋಯಿಂಗ್?”, “ವಾಟ್ ಯು ವಾಂಟ್?” ಆಗುತ್ತದೆ. ಕ್ರಮ ನಾಲ್ಕು ಹೆಜ್ಜೆಯದು: ಪ್ರಶ್ನೆಪದ, ಸಹಾಯಕ ಕ್ರಿಯಾಪದ, ವ್ಯಕ್ತಿ, ಕೆಲಸ. ವೇರ್ – ಆರ್ – ಯು – ಗೋಯಿಂಗ್. ವಾಟ್ – ಡು – ಯು – ವಾಂಟ್. ವೆನ್ – ಡಿಡ್ – ಹಿ – ಕಮ್. ‘ಡಿಡ್’ ಬಂದಲ್ಲಿಗೆ ಭೂತಕಾಲದ ಲೆಕ್ಕ ಮುಗಿಯಿತು, ಮತ್ತೆ ‘ಕೇಮ್’ ಬೇಡ. ‘ಡಸ್’ ಬಂದರೆ ಕೆಲಸದ ಪದಕ್ಕೆ ‘ಎಸ್’ ಬೇಡ. ತಮಾಷೆಯೆಂದರೆ ಇದನ್ನು ಚೆನ್ನಾಗಿ ಕಲಿತವರು ಮುಂದಿನ ತಿರುವಿನಲ್ಲಿ ಎಡವುತ್ತಾರೆ. ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಸೇರಿದಾಗ ಒಳಗಿನದು ಅದಲುಬದಲಾಗಬಾರದು: “ಡು ಯು ನೋ ವೇರ್ ದಿ ಬಸ್ ಸ್ಟಾಪ್ ಈಸ್?” ಇಲ್ಲಿ “ವೇರ್ ಈಸ್ ದಿ ಬಸ್ ಸ್ಟಾಪ್” ತಪ್ಪು. ‘ಅಲ್ವಾ?’ಗೆ ‘ಈಸ್ಂಟ್ ಇಟ್’, ‘ಡೋಂಟ್ ದೇ’ ಎಂದು ಕರ್ತೃ ನೋಡಿ ಬದಲಾಯಿಸುವ ಬದಲು ಸದ್ಯಕ್ಕೆ ‘ರೈಟ್?’ ಎಂದರೆ ಎಲ್ಲ ಕಡೆ ನಡೆಯುತ್ತದೆ.

ಈಗ ನಿಜವಾಗಿ ನಷ್ಟ ಮಾಡುವ ತಪ್ಪು. ಬ್ಯಾಂಕಿನ ಕಾಲ್ ಸೆಂಟರಿನಿಂದ ಫೋನು: “ಹ್ಯಾವ್ಂಟ್ ಯು ರಿಸೀವ್ಡ್ ದಿ ಕಾರ್ಡ್, ಸರ್?” ಕಾರ್ಡು ಬಂದಿಲ್ಲ. ಕನ್ನಡದಲ್ಲಿ “ಕಾರ್ಡ್ ಬಂದಿಲ್ವಾ?” ಎಂದು ಕೇಳಿದರೆ “ಹೌದು, ಬಂದಿಲ್ಲ” ಎನ್ನುತ್ತೇವೆ, ಕೇಳಿದವರ ಮಾತನ್ನು ಒಪ್ಪುವುದಕ್ಕೆ ‘ಹೌದು’. ಆ ಲೆಕ್ಕದಲ್ಲಿ “ಯೆಸ್” ಎಂದು ಸುಮ್ಮನಾದರೆ, ಇಂಗ್ಲಿಷಿನ ಲೆಕ್ಕದಲ್ಲಿ ಕೇಳುವವರಿಗೆ ಅದು “ಬಂದಿದೆ” ಎಂದಾಗುತ್ತದೆ. ಇಂಗ್ಲಿಷಿನ ‘ಯೆಸ್’, ‘ನೋ’ ಪ್ರಶ್ನೆ ಹೇಗಿತ್ತು ಎಂದು ನೋಡುವುದಿಲ್ಲ, ಸಂಗತಿ ಏನು ಎಂಬುದನ್ನಷ್ಟೇ ನೋಡುತ್ತವೆ. ಬಂದಿದ್ದರೆ ಯೆಸ್, ಬಂದಿಲ್ಲದಿದ್ದರೆ ನೋ. ಪ್ರತಿಸಲ ಇದನ್ನು ಲೆಕ್ಕ ಹಾಕುವುದಕ್ಕಿಂತ ಒಂಟಿ ‘ಯೆಸ್’, ಒಂಟಿ ‘ನೋ’ಗಳನ್ನೇ ಬಿಟ್ಟುಬಿಡುವುದು ಒಳ್ಳೆಯದು. “ನೋ, ಐ ಹ್ಯಾವ್ಂಟ್ ರಿಸೀವ್ಡ್ ಇಟ್” ಎಂದು ಕ್ರಿಯಾಪದ ಸಮೇತ ಹೇಳಿ. ಬಾಯಿತಪ್ಪಿ ಯೆಸ್ ಎಂದರೂ ಉಳಿದ ವಾಕ್ಯ ಕಾಪಾಡುತ್ತದೆ. ಇದೇ ಜಾತಿಯದು “ವುಡ್ ಯು ಮೈಂಡ್ ವೇಟಿಂಗ್?” ಕಾಯಲು ತೊಂದರೆ ಇಲ್ಲ ಎನ್ನುವುದಕ್ಕೆ ಉತ್ತರ “ನೋ, ನಾಟ್ ಅಟ್ ಆಲ್”.

ಮರ್ಯಾದೆಯ ವಿಷಯಕ್ಕೆ ಬಂದರೆ, ನಾವು ಒರಟಾಗಿ ಕೇಳಿಸುವುದು ಸ್ವಭಾವದಿಂದಲ್ಲ, ಕನ್ನಡದ ‘ಇ’, ‘ರಿ’ ಕಳೆದುಹೋಗುವುದರಿಂದ. “ಸ್ವಲ್ಪ ನೀರು ಕೊಡಿ” ಎನ್ನುವಲ್ಲಿ ‘ಕೊಡಿ’ಯ ‘ಇ’ಕಾರ, ‘ಸ್ವಲ್ಪ’ ಎರಡೂ ಮರ್ಯಾದೆಯ ಕೆಲಸ ಮಾಡುತ್ತಿವೆ. “ಗಿವ್ ಮಿ ಸಮ್ ವಾಟರ್” ಎಂದಾಗ ಎರಡೂ ಹೋಗಿ ಬರೀ ಅಪ್ಪಣೆ ಉಳಿಯುತ್ತದೆ, ‘ಪ್ಲೀಸ್’ ಸೇರಿಸಿದರೂ ಅದು ವಿನಯದ ಅಪ್ಪಣೆಯೇ. ಇಂಗ್ಲಿಷ್‌ನಲ್ಲಿ ಮರ್ಯಾದೆ ಇರುವುದು ಕೇಳುವ ರೂಪದಲ್ಲಿ: “ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?” ಫೋನ್ ಎತ್ತಿದ ತಕ್ಷಣ “ಹಾಂ, ಹೇಳಿ” ಎನ್ನುವುದನ್ನು “ಯಾ, ಟೆಲ್ ಮಿ” ಎಂದು ಎತ್ತಿ ಹಾಕುವುದು ಬೆಂಗಳೂರಿನ ಆಫೀಸುಗಳಲ್ಲಿ ನಡೆದುಹೋಗಿದೆ, ಹೊರದೇಶದ ಕ್ಲೈಂಟಿಗೆ ಅದು ಗದರಿಸಿದ ಹಾಗೆ ಕೇಳಿಸಬಹುದು. “ಹಾಯ್, ಹೌ ಕ್ಯಾನ್ ಐ ಹೆಲ್ಪ್?” ಸಾಕು.

ಪದಸಂಪತ್ತಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ದಿನಕ್ಕೆ ಹತ್ತು ಹೊಸ ಪದ, ಎದುರಿಗೆ ಕನ್ನಡ ಅರ್ಥ, ಈ ಪಟ್ಟಿ ಪದ್ಧತಿಯಿಂದ ಓದು ಸುಧಾರಿಸಬಹುದು, ಮಾತು ಅಲ್ಲ. ದೊಡ್ಡ ಪದಗಳ ಕೊರತೆಯಿಂದ ಮಾತು ನಿಲ್ಲುವುದು ಅಪರೂಪ. ಢಾಕಾದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕಲ್ ವೆಸ್ಟ್ 1953ರಲ್ಲಿ ಹೊರತಂದ ಜನರಲ್ ಸರ್ವಿಸ್ ಲಿಸ್ಟ್‌ನಲ್ಲಿ ಇರುವುದು ಹೆಚ್ಚು ಬಳಕೆಯ ಸುಮಾರು 2000 ಮೂಲಪದಗಳು. ಸಾಮಾನ್ಯ ಬರಹದ ಪದಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಅವುಗಳೇ ಎಂದು ಲೆಕ್ಕ. ಹತ್ತನೇ ತರಗತಿ ಮುಗಿಸಿದವರಿಗೆ ಅವುಗಳಲ್ಲಿ ಹೆಚ್ಚಿನವು ನೋಡಿದರೆ ಗೊತ್ತು. ಗೊತ್ತಿಲ್ಲದಿರುವುದು ಯಾವುದರ ಜೊತೆ ಯಾವುದು ಹೋಗುತ್ತದೆ ಎಂಬುದು.

‘ಹಾಕು’ ಒಂದನ್ನೇ ತೆಗೆದುಕೊಳ್ಳಿ. ಲೈಟ್ ಹಾಕು, ಬಾಗಿಲು ಹಾಕು, ಬೀಗ ಹಾಕು, ಸಹಿ ಹಾಕು, ಸಕ್ಕರೆ ಹಾಕು, ಚಪ್ಪಲಿ ಹಾಕ್ಕೋ, ರಜೆ ಹಾಕು, ಪೆಟ್ರೋಲ್ ಹಾಕಿಸು. ಎಲ್ಲದಕ್ಕೂ ‘ಪುಟ್’ ಹಚ್ಚಿದರೆ “ಪುಟ್ ದಿ ಲೈಟ್”, “ಐ ಪುಟ್ ಲೀವ್” ಬರುತ್ತದೆ. ಬೇಕಾದದ್ದು: ಟರ್ನ್ ಆನ್ ದಿ ಲೈಟ್, ಶಟ್ ದಿ ಡೋರ್, ಲಾಕ್ ಇಟ್, ಸೈನ್ ಹಿಯರ್, ಆಡ್ ಶುಗರ್, ಪುಟ್ ಆನ್ ಯುವರ್ ಚಪ್ಪಲ್ಸ್, ಟೇಕ್ ಲೀವ್, ಗೆಟ್ ಸಮ್ ಪೆಟ್ರೋಲ್. ‘ಮಾಡು’ ಇದಕ್ಕಿಂತ ದೊಡ್ಡ ಸಂಸಾರಸ್ಥ: ತಪ್ಪು ಮಾಡು ‘ಮೇಕ್ ಎ ಮಿಸ್ಟೇಕ್’, ಹೋಂವರ್ಕ್ ಮಾಡು ‘ಡು’, ಸ್ನಾನ ಮಾಡು ‘ಟೇಕ್’ ಅಥವಾ ‘ಹ್ಯಾವ್ ಎ ಬಾತ್’, ಊಟ ಮಾಡು ‘ಹ್ಯಾವ್ ಲಂಚ್’. ನೋಟ್‌ಬುಕ್ಕಿನಲ್ಲಿ ಹಾಕು, ಮಾಡು, ಬಿಡು, ಹೊಡಿ, ಕಟ್ಟು, ತೆಗಿ ಈ ಆರಕ್ಕೆ ಒಂದೊಂದು ಪುಟ ಕೊಡಿ. ದಿನದಲ್ಲಿ ನಿಮ್ಮ ಬಾಯಿಂದ ಬಂದ ಬಳಕೆಗಳನ್ನು ಎಡಗಡೆ ಬರೆದು, ಬಲಗಡೆ ಇಂಗ್ಲಿಷಿನ ಪೂರ್ತಿ ವಾಕ್ಯ ಬರೆಯಿರಿ, ಒಂಟಿ ಪದ ಬೇಡ. ಅನುಮಾನ ಬಂದರೆ ಇಂಗ್ಲಿಷ್–ಕನ್ನಡ ನಿಘಂಟಿಗಿಂತ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ನೋಡಿ, ಅದರಲ್ಲಿ ಉದಾಹರಣೆ ವಾಕ್ಯಗಳಿರುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರದ್ದೂ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಉಚ್ಚಾರಣೆಯ ಧ್ವನಿ ಸಮೇತ.

‘ಮಾಡಿಸು’ ಬಗ್ಗೆ ಬೇರೆಯೇ ಹೇಳಬೇಕು. “ಐ ಕಟ್ ಮೈ ಹೇರ್” ಎಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿಸಿಕೊಂಡಿರಿ ಎಂದು. ಕಟಿಂಗ್ ಮಾಡಿಸಿದೆ ಎನ್ನುವುದಕ್ಕೆ “ಐ ಗಾಟ್ ಮೈ ಹೇರ್ ಕಟ್”. ಗಾಡಿ ರಿಪೇರಿ ಮಾಡಿಸಿದೆ: “ಐ ಗಾಟ್ ಮೈ ಬೈಕ್ ರಿಪೇರ್ಡ್”. ಸೂತ್ರ ಇಷ್ಟೇ: ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಕನ್ನಡದಲ್ಲಿ ‘ಇಸು’ ಬಂದಲ್ಲೆಲ್ಲ ಇದು ನೆನಪಾಗಬೇಕು.

ಕನ್ನಡದಲ್ಲಿ ಬೆರೆತ ಇಂಗ್ಲಿಷ್ ಪದಗಳಲ್ಲಿ ಕೆಲವು ವಾಪಸ್ ಹೋಗುವಾಗ ಕೈಕೊಡುತ್ತವೆ. ‘ಪಾಸ್ ಔಟ್’ ಎಂದರೆ ಹೊರಗಿನವರಿಗೆ ಪ್ರಜ್ಞೆ ತಪ್ಪುವುದು, ಡಿಗ್ರಿ ಮುಗಿಸಿದ್ದಕ್ಕೆ ‘ಗ್ರಾಜುಯೇಟೆಡ್’ ಎನ್ನಿ. ‘ಡೌಟ್’ ಇದೆ ಎಂದರೆ ನಂಬಿಕೆ ಇಲ್ಲ ಎಂದಾಗುತ್ತದೆ, ಬೇಕಾದದ್ದು ‘ಕ್ವೆಶ್ಚನ್’. ‘ಸ್ಟೆಪ್ನಿ’ಗೆ ‘ಸ್ಪೇರ್ ಟೈರ್’. ಅದು ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ ಹುಟ್ಟಿದ ಕಂಪನಿಯ ಹೆಸರು, ಅಲ್ಲಿಯವರೇ ಮರೆತದ್ದನ್ನು ನಮ್ಮ ಪಂಕ್ಚರ್ ಅಂಗಡಿಗಳು ಉಳಿಸಿಕೊಂಡಿವೆ. ‘ಹಿಯರ್ ಓನ್ಲಿ’ಯ ಬಗ್ಗೆ ನಗುವವರಿದ್ದಾರೆ. ‘ಇಲ್ಲೇ’ಯ ‘ಏ’ಕಾರ ಅದು, ಜಯನಗರದಲ್ಲಿ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಪರೀಕ್ಷೆಯಲ್ಲಿ, ಹೊರದೇಶದ ಕಾಲ್‌ನಲ್ಲಿ ಬಿಡಿ, ಉಳಿದ ಕಡೆ ತಲೆ ಕೆಡಿಸಿಕೊಳ್ಳಬೇಡಿ.

‘ಎ’, ‘ಆನ್’, ‘ದಿ’ಗಳನ್ನು ಕೊನೆಗೆ ಸರಿಮಾಡಿಕೊಳ್ಳಬಹುದು, ತಪ್ಪಾದರೂ ಅರ್ಥ ಕೆಡುವುದು ಕಡಿಮೆ. ಒಂದೇ ನೆನಪಿಡಿ: ‘ಆನ್’ ಬರುವುದು ಸ್ವರದ ಅಕ್ಷರಕ್ಕಲ್ಲ, ಸ್ವರದ ಸದ್ದಿಗೆ. ಆದ್ದರಿಂದ ಆನ್ ಅವರ್, ಆನ್ ಎಂಎಲ್ಎ, ಆದರೆ ಎ ಯೂನಿವರ್ಸಿಟಿ.

ಉಚ್ಚಾರಣೆಯಲ್ಲಿ ಅಮೆರಿಕದವರ ಹಾಗೆ ನಾಲಿಗೆ ತಿರುಗಿಸುವುದು ಬೇಕಿಲ್ಲ. ಸರಿಮಾಡಿಕೊಳ್ಳಬೇಕಾದದ್ದು ಅರ್ಥ ಕೆಡಿಸುವಂಥವನ್ನು. ನಾವು ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುವವರಾದ್ದರಿಂದ ಎಗ್ ‘ಯೆಗ್’ ಆಗುತ್ತದೆ, ಓಲ್ಡ್ ‘ವೋಲ್ಡ್’ ಆಗುತ್ತದೆ. ಹಳೇ ಮೈಸೂರು ಕಡೆಯ ಕೆಲವರಿಗೆ ಹಾಲು ‘ಆಲು’ ಆಗುವ ಹಾಗೆ ‘ಹೀಟ್’ ‘ಈಟ್’ ಆಗಿಬಿಡುತ್ತದೆ. ಭೂತಕಾಲದ ಇ-ಡಿ ಬಾಲವನ್ನು ಬರೆದಂತೆ ಓದಿ ‘ವಾಕೆಡ್’, ‘ಕಾಲೆಡ್’ ಎನ್ನುವುದು ತೀರಾ ಸಾಮಾನ್ಯ. ಕ್ರಿಯಾಪದ ಟ ಅಥವಾ ಡ ಸದ್ದಿನಲ್ಲಿ ಮುಗಿದರೆ ಮಾತ್ರ ಬಾಲ ‘ಇಡ್’: ವಾಂಟೆಡ್, ನೀಡೆಡ್. ಕ, ಪ, ಸ, ಶ, ಚ, ಫ ಸದ್ದಿನ ಮುಂದೆ ಬರೀ ಟ್: ವಾಕ್ಟ್, ಸ್ಟಾಪ್ಟ್, ವಾಷ್ಟ್, ಲಾಫ್ಟ್. ಉಳಿದ ಕಡೆ ಡ್: ಕಾಲ್ಡ್, ಪ್ಲೇಡ್. ಇದಕ್ಕಿಂತ ಮುಖ್ಯ ಒತ್ತು. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮ ತೂಕದವು, ಇಂಗ್ಲಿಷ್‌ನಲ್ಲಿ ಒಂದು ಎದ್ದು ಉಳಿದವು ಮಲಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ‘ಫೋ’ ಮೇಲೆ, ‘ಫಟಾಗ್ರಫರ್’ನಲ್ಲಿ ‘ಟಾ’ ಮೇಲೆ. ಹೋಟೆಲ್, ಡೆವಲಪ್, ಇವೆಂಟ್ ಮೂರಕ್ಕೂ ಒತ್ತು ಎರಡನೆಯದಕ್ಕೆ.

ಅಭ್ಯಾಸಕ್ಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘6 ಮಿನಿಟ್ ಇಂಗ್ಲಿಷ್’ ಒಳ್ಳೆಯ ಅಳತೆ, ಆಡಿಯೋ ಜೊತೆ ಬರಹವೂ ಸಿಗುತ್ತದೆ. ಮೊದಲು ಬರಹ ನೋಡದೆ ಒಮ್ಮೆ ಕೇಳಿ. ಆಮೇಲೆ ಬರಹ ಹಿಡಿದು ಒಂದು ನಿಮಿಷದಷ್ಟು ಭಾಗವನ್ನು ಮಾತ್ರ ಆರಿಸಿ, ಅವರು ಹೇಳುತ್ತಿರುವಾಗಲೇ ಅರ್ಧ ಸೆಕೆಂಡ್ ಹಿಂದೆ ನೀವೂ ಹೇಳುತ್ತಾ ಹೋಗಿ, ನಾಲ್ಕೈದು ಸಲ. ಕೊನೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೂ ಹೋಲಿಸಿ. ಇಪ್ಪತ್ತು ನಿಮಿಷದ ಕೆಲಸ. ಜನ ಸೋಲುವುದು ಎಲ್ಲೆಂದರೆ, ಮೊದಲೇ ಬರಹ ಓದಿಬಿಡುತ್ತಾರೆ. ಆಗ ಕಿವಿ ಕೆಲಸ ಮಾಡುವುದಿಲ್ಲ, ಕಣ್ಣು ಮಾಡುತ್ತದೆ. “ಇಂಗ್ಲಿಷ್‌ನಲ್ಲೇ ಯೋಚಿಸಿ” ಎಂಬ ಉಪದೇಶವನ್ನು ಪಕ್ಕಕ್ಕಿಡಿ. ಯೋಚನೆ ಕನ್ನಡದಲ್ಲೇ ಬರಲಿ, ಸಿದ್ಧ ವಾಕ್ಯಗಳು ಸಾಕಷ್ಟು ಕೂಡಿದ ಮೇಲೆ ಅದು ತಾನಾಗಿ ಬದಲಾಗುತ್ತದೆ. ಮಧ್ಯೆ ಸಿಕ್ಕಿಕೊಂಡಾಗ ಮೌನಕ್ಕೆ ಬದಲು “ಲೆಟ್ ಮಿ ಪುಟ್ ಇಟ್ ಅನದರ್ ವೇ” ಎಂದು ಹೊಸದಾಗಿ ಶುರು ಮಾಡಿ. ಕೇಳಿಸದಿದ್ದರೆ ಬರೀ “ವಾಟ್?” ಬೇಡ, “ಸಾರಿ, ಕುಡ್ ಯು ಸೇ ದಟ್ ಅಗೇನ್?”

ನಿಮ್ಮ ಹೆಸರು, ನಂಬರು ಫೋನಿನಲ್ಲಿ ಹೇಳುವುದನ್ನೂ ಮೊದಲೇ ರೂಢಿಸಿಕೊಳ್ಳಿ, ಅತಿ ಹೆಚ್ಚು ಸಲ ಬೇಕಾಗುವುದು ಅದೇ. ‘ಎಂ ಫಾರ್ ಮೈಸೂರು’ ಇಲ್ಲಿ ಸಾಕು. ಹೊರದೇಶಕ್ಕಾದರೆ ‘ಎಂ ಫಾರ್ ಮೈಕ್’, ‘ಎನ್ ಫಾರ್ ನವೆಂಬರ್’, ‘ಎಸ್ ಫಾರ್ ಸಿಯೆರಾ’ ಎಂಬ ಅಂತರರಾಷ್ಟ್ರೀಯ ಪಟ್ಟಿ ಹಿಡಿಯಿರಿ, 26 ಪದಗಳಲ್ಲಿ ನಿಮ್ಮ ಹೆಸರಿಗೆ ಬೇಕಾದಷ್ಟು ಕಲಿತರೆ ಆಯಿತು. ಅಮೆರಿಕದವರಿಗೆ ‘ಝಡ್’ ಅಲ್ಲ, ‘ಝೀ’. ‘ಡಬಲ್ ಫೈವ್’, ‘ಟ್ರಿಪಲ್ ಏಟ್’ ಅವರಿಗೆ ಗೊಂದಲ, ‘ಫೈವ್ ಫೈವ್’ ಎಂದು ಒಂದೊಂದೇ ಅಂಕಿ ಹೇಳಿ, ಮೂರು ನಾಲ್ಕು ಅಂಕಿಗೊಮ್ಮೆ ನಿಲ್ಲಿಸಿ.